ಕ್ಯಾಮೆರಾಕ್ಕೆ ಬೆನ್ನು ಮಾಡಿದ ‘ಟೀವಿ ಕಳ್ಳ’

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಹಿತ್ತಿಲ ಗೋಡೆಯೇರಿ ಕುಳಿತ ಐವತ್ತರ ಆಸುಪಾಸಿನ ಮನುಷ್ಯ ಕೆಳಗೆ ನೋಡಿ, ನೆಲ ಒದ್ದೆಯಾಗಿದೆ, ಒಂದು ಗೋಣಿ ಹಾಕ್ರಪ್ಪಾ ಎನ್ನುತ್ತಾರೆ. ಗೋಣಿ ಬಿದ್ದ ಮೇಲೆ ಧುಮುಕಿ, ಅಡುಗೆಮನೆಯ ಕಿಟಕಿಯತ್ತ ತೆವಳುತ್ತಾರೆ. ನಿರ್ದೇಶಕರು ‘ಕಟ್’ ಅಂದದ್ದೇ ತಡ, ಮಂಡಿ ನೀವಿಕೊಳ್ಳುತ್ತಾ ಟೀ ಕೇಳುತ್ತಾರೆ.

ನಡೆದ ಕಳ್ಳತನವನ್ನು ಟೀವಿಯಲ್ಲಿ ಮತ್ತೆ ಅಭಿನಯಿಸಿ ತೋರಿಸುತ್ತಾರಲ್ಲ, ಅದರಲ್ಲಿ ಕಳ್ಳನಾಗುವುದೇ ಇವರ ಕಸುಬು. ತಾವು ನಟಿಸುತ್ತಿದ್ದ ನಾಟಕ ತಂಡ ಮುಚ್ಚಿದಾಗ ಹೊಟ್ಟೆಪಾಡಿಗೆ ಹಿಡಿದದ್ದು, ಹದಿನೈದು ವರ್ಷವಾಯಿತು. ಬೀದಿಯವರ ಬಾಯಲ್ಲಿ ಇವರು ‘ಟೀವಿ ಕಳ್ಳ’. ಬಾಡಿಗೆ ಮನೆ ಕೇಳಲು ಹೋದರೆ ಮಾಲೀಕರು ಮುಖ ನೋಡಿ ಬಾಗಿಲು ಹಾಕಿಕೊಂಡದ್ದೂ ಉಂಟು. ಮನೆ ಹುಡುಕಲು ಈಗ ಹೆಂಡತಿ ಒಬ್ಬರೇ ಹೋಗುತ್ತಾರೆ.

ಆದರೂ ಆ ಮುಖದ ಮೇಲೆ ಇವರಿಗೆ ಬಲು ಮೋಹವಿತ್ತು. ಕ್ಲೋಸಪ್ ಕೊಡದ ನಿರ್ದೇಶಕರ ಜೊತೆ ಜಗಳವಾಡಿದವರು! ಇವತ್ತು ಮಾತ್ರ ಒಂದು ಸಲವೂ ಕ್ಯಾಮೆರಾದತ್ತ ತಿರುಗಿಲ್ಲ. ಯಾಕೆಂದು ಕೇಳದೆ ಇರಲು ನನಗಾಗಲಿಲ್ಲ.

ಎರಡು ವರ್ಷದ ಹಿಂದಿನ ಮಾತು. ನಿವೃತ್ತ ಶಿಕ್ಷಕಿಯೊಬ್ಬರ ಮನೆಗೆ ಕಳ್ಳ ನುಗ್ಗಿ, ಅವರನ್ನು ತಳ್ಳಿ ಕೈ ಮುರಿದು ಓಡಿಹೋದ. ಆ ಘಟನೆ ಟೀವಿಯಲ್ಲಿ ಬಂತು, ಕಳ್ಳ ಇವರೇ. ಶಿಕ್ಷಕಿ ಅದನ್ನು ನೋಡಿದರು. ಕೆಲವು ದಿನಗಳ ಮೇಲೆ ಪೊಲೀಸರು ಒಬ್ಬನನ್ನು ಹಿಡಿದು, ಬೇರೆಯವರ ಜೊತೆ ಸಾಲಾಗಿ ನಿಲ್ಲಿಸಿ ಗುರುತಿಸಲು ಹೇಳಿದರೆ, ಇವರ್ಯಾರೂ ಅಲ್ಲ, ಅವನ ಎಡಹುಬ್ಬು ಸೀಳಿತ್ತು ಅಂದುಬಿಟ್ಟರು. ಸೀಳುಹುಬ್ಬು ನಮ್ಮ ಟೀವಿ ಕಳ್ಳರದು. ಪೊಲೀಸರು ಇವರ ಮನೆ ಬಾಗಿಲಿಗೂ ಬಂದು, ಕಳ್ಳತನದ ದಿನ ಇವರು ಬೇರೆ ಊರಿನಲ್ಲಿದ್ದರೆಂದು ಖಾತ್ರಿಯಾದ ಮೇಲೆ ಹೋದರು. ಸಿಕ್ಕವನು ನಿಜವಾದ ಕಳ್ಳನೋ ಅಲ್ಲವೋ, ಕಳ್ಳನನ್ನು ನೋಡಿದ್ದ ಒಬ್ಬರೇ ಒಬ್ಬ ಸಾಕ್ಷಿಯ ಕಣ್ಣಲ್ಲಿ ಬೇರೆ ಮುಖ ಕೂತಿತ್ತು. ಕೋರ್ಟಿನಲ್ಲಿ ಕೇಸು ಬಿದ್ದುಹೋಯಿತು.

‘ನಿಜ ಹೇಳ್ಬೇಕಂದ್ರೆ ಮೊದ್ಲು ಒಳಗೊಳಗೇ ಖುಷಿ ಆಯ್ತು, ಅಷ್ಟು ಚೆನ್ನಾಗಿ ಮಾಡಿದೀನಲ್ಲ ಅಂತ. ಆಮೇಲೆ ಕ್ಷಮೆ ಕೇಳೋಕೆ ಅವರ ಮನೆಗೆ ಹೋದೆ. ಅವರ ಕೈ ಇನ್ನೂ ಸರಿಯಾಗಿ ಮಡಚೋಕೆ ಆಗ್ತಿರಲಿಲ್ಲ. ನಾಚಿಕೆ ಆಗೋಯ್ತು.’

ಶಿಕ್ಷಕಿ ಬೈಯಲಿಲ್ಲ. ಕೂರಿಸಿ, ಬಹಳ ಹೊತ್ತು ನೋಡಿ ಹೇಳಿದರಂತೆ: ‘ನೀವಲ್ಲ ಅಂತ ಗೊತ್ತು ಕಣಪ್ಪಾ. ಆದ್ರೆ ಕಣ್ಣು ಮುಚ್ಚಿದ್ರೆ ನೀವೇ ಬರ್ತೀರಿ.’

ಅಂದಿನಿಂದ ಮುಖ ತೋರಿಸುವುದಿಲ್ಲ ಎಂಬುದು ಇವರ ಷರತ್ತು. ಬೆನ್ನು ನೋಡೋಕೆ ಯಾರು ಟೀವಿ ಹಾಕ್ತಾರೆ ಎಂದು ಗೊಣಗಿದ ನಿರ್ದೇಶಕರು ಕರೆಯುವುದನ್ನೇ ಬಿಟ್ಟಿದ್ದಾರೆ. ಕೆಲಸ ಅರ್ಧಕ್ಕರ್ಧ ಇಳಿದಿದೆ. ಇದ್ದಷ್ಟರಲ್ಲಿ ಭಯ, ಅವಸರ, ಆಸೆ ಎಲ್ಲವನ್ನೂ ಹೆಗಲಲ್ಲೇ ತೋರಿಸಬೇಕು. ಮನೆಯಲ್ಲಿ ಹೆಂಡತಿಗೆ ಬೆನ್ನು ಮಾಡಿ ನಿಂತು ಅಭ್ಯಾಸ ನಡೆಯುತ್ತದೆ. ಹೆದರಿಕೆ ಕಾಣ್ತಿದೆಯಾ ಅಂದರೆ, ಸೊಂಟನೋವು ಕಾಣ್ತಿದೆ ಎಂದು ಆಕೆ ಈರುಳ್ಳಿ ಹೆಚ್ಚುವುದನ್ನು ಮುಂದುವರಿಸುತ್ತಾರೆ.

ಶಿಕ್ಷಕಿ ಆಗಾಗ ಫೋನು ಮಾಡುತ್ತಾರೆ. ಕಳೆದ ವಾರದ ಕಾರ್ಯಕ್ರಮ ಮುಗಿದ ಮೇಲೂ ಮಾಡಿದ್ದರು.

‘ಈ ಸಲ ಬೇರೆ ಯಾರನ್ನೋ ಹಾಕಿದಾರಲ್ಲ, ನಿಮ್ಮನ್ನ ಬಿಟ್ಬಿಟ್ರಾ ಅಂತ ಬೇಜಾರಲ್ಲಿ ಕೇಳಿದ್ರು. ಹೂಂ ಅಮ್ಮಾ ಅಂದೆ’ ಎನ್ನುತ್ತಾ ಇವರು ಟೀ ಲೋಟ ಕೆಳಗಿಡುತ್ತಾರೆ. ‘ಅದು ನಾನೇ ಸಾರ್.’