ಪಟ್ಟಾಕ್ಕೆ ಸಿಕ್ಕ ಸೆರಗು

ಎಪ್ಪತ್ತರ ದಶಕ ಮುಗಿಯುತ್ತ ಬಂದ ಕಾಲ. ನನಗೆ ಮದುವೆಯಾಗಿ ಎರಡು ವರ್ಷವಾಗಿತ್ತು. ಇಳಕಲ್ಲಿನ ನಮ್ಮ ಮನೆಯ ಮುಂದಿನ ಪಡಸಾಲೆಯಲ್ಲೇ ಹಿಟ್ಟಿನ ಗಿರಣಿ ಇತ್ತು. ಗಿರಣಿ ನಮ್ಮ ಮಾವನವರದು. ನನ್ನ ಗಂಡ ಬಾಗಲಕೋಟೆಯಲ್ಲಿ ನೌಕರಿಯಲ್ಲಿದ್ದು ವಾರಕ್ಕೊಮ್ಮೆ ಬರುತ್ತಿದ್ದರು. ಹಾಗಾಗಿ ಮಾವನವರು ಊಟಕ್ಕೋ ಪೂಜೆಗೋ ಒಳಗೆ ಹೋದಾಗ ಗಿರಣಿ ನೋಡಿಕೊಳ್ಳುವ ಕೆಲಸ ನನ್ನ ಪಾಲಿಗೆ ಬಂತು. ನನಗೂ ಅದೇ ಬೇಕಾಗಿತ್ತೆನ್ನಿ. ಅಡಿಗೆಮನೆಯ ಹೊಗೆಗಿಂತ ಗಿರಣಿಯ ಧೂಳು ವಾಸಿ, ನಾಲ್ಕು ಹೆಂಗಸರ ಮಾತಾದರೂ ಕಿವಿಗೆ ಬೀಳುತ್ತಿತ್ತು.

ಮಾವನವರ ಮತ್ತು ನನ್ನ ನಡುವೆ ಮಾತಿರಲಿಲ್ಲ. ಜಗಳವೇನೂ ಅಲ್ಲ, ಆಗಿನ ಮರ್ಯಾದೆಯೇ ಹಾಗಿತ್ತು. ನಾನು ಎದುರಿಗೇ ನಿಂತಿದ್ದರೂ ಅವರು ಅತ್ತೆಯ ಕಡೆ ನೋಡಿ, “ಹಿಟ್ಟ ಸಣ್ಣಗ ಬೀಸಾಕ ಹೇಳ ಆಕಿಗೆ” ಅನ್ನುವರು. ಅತ್ತೆ ಅದನ್ನೇ ಮತ್ತೊಮ್ಮೆ ನನಗೆ ಹೇಳುವರು. ಹೀಗೆ ಎಲ್ಲ ಮಾತನ್ನೂ ಎರಡು ಸಲ ಕೇಳುವ ಭಾಗ್ಯ ನನ್ನದು! ಇನ್ನು ನನ್ನ ಕಡೆಯ ಮರ್ಯಾದೆಯೆಂದರೆ, ಮಾವ ಕಣ್ಣಿಗೆ ಬಿದ್ದ ಕೂಡಲೇ ಎದ್ದು ನಿಂತು ಸೆರಗನ್ನು ತಲೆಯ ಮೇಲೆ ಹೊದ್ದುಕೊಳ್ಳುವುದು. ಅಡಿಗೆಮನೆಯಲ್ಲೂ ಅಷ್ಟೇ, ಗಿರಣಿಯಲ್ಲೂ ಅಷ್ಟೇ.

ಗಿರಣಿಯಲ್ಲಿ ಮೋಟರಿನಿಂದ ಬೀಸುವ ಕಲ್ಲಿನ ಗಾಲಿಗೆ ಒಂದು ಅಗಲವಾದ ರಬ್ಬರಿನ ಪಟ್ಟಾ ಓಡುತ್ತಿತ್ತು. ಅದಕ್ಕೆ ಅಡ್ಡಲಾಗಿ ಕಬ್ಬಿಣದ ಜಾಳಿಗೆಯೂ ಇತ್ತು. ಆದರೆ ಪಟ್ಟಾ ಆಗಾಗ ಗಾಲಿಯಿಂದ ಜಾರುತ್ತಿತ್ತು. ಪ್ರತಿ ಸಲ ಜಾಳಿಗೆ ಬಿಚ್ಚಬೇಕು, ಪಟ್ಟಾ ಏರಿಸಬೇಕು, ಮತ್ತೆ ಜಾಳಿಗೆ ಕೂಡಿಸಬೇಕು. ಅಷ್ಟರಲ್ಲಿ ಜೋಳ ತಂದವರು ಗೊಣಗತೊಡಗುವರು. ಒಂದು ದಿನ ಬಿಚ್ಚಿದ ಜಾಳಿಗೆ ಹಾಗೆಯೇ ಗೋಡೆಗೆ ಒರಗಿತು, ಯಾರೂ ಅದನ್ನು ತಿರುಗಿ ಹಾಕಲಿಲ್ಲ. ಊರಿನ ಬೇರೆ ಗಿರಣಿಗಳಲ್ಲೂ ಜಾಳಿಗೆ ಕಂಡ ನೆನಪು ನನಗಿಲ್ಲ. ನಾನು ಸೆರಗನ್ನು ಬಿಗಿಯಾಗಿ ಸೊಂಟಕ್ಕೆ ಸಿಕ್ಕಿಸಿಕೊಂಡು ಕೆಲಸ ಮಾಡುತ್ತಿದ್ದೆ. ಅಷ್ಟು ಎಚ್ಚರ ಸಾಕು ಎಂದುಕೊಂಡಿದ್ದೆ.

ಆ ವರ್ಷ ಪಂಚಮಿಗೆ ಬೇವೂರಿನ ತವರಿಗೆ ಹೋಗಿ ಬಂದಿದ್ದೆ. ಅವ್ವ ಹೊಸ ಇಳಕಲ್ ಸೀರೆ ಉಡಿಸಿ ಕಳಿಸಿದ್ದಳು. ಕೆಂಪು ರೇಷ್ಮೆಯ ಸೆರಗು, ತುದಿಗೆ ಉದ್ದನೆಯ ಗೊಂಡೆ. ನಾನು ಬಂದ ಮರುದಿನ ಬಾದಾಮಿಯಿಂದ ನಮ್ಮ ನಾದಿನಿಯ ಮಾವ, ಅಂದರೆ ಮನೆಯ ಬೀಗರು ಬರುವವರಿದ್ದರು. “ಬೀಗರ ಮುಂದ ಹಳೀ ಸೀರಿ ಬ್ಯಾಡ, ಹೊಸಾದ ಉಟಗೋ” ಅಂದರು ಅತ್ತೆ. ಅದನ್ನೇ ಉಟ್ಟು ಗಿರಣಿಗೆ ಬಂದೆ. ಓಣಿಯ ಹನಮವ್ವ ಜೋಳ ಬೀಸಿಸಲು ಬಂದು ಕೂತಿದ್ದಳು. ಮೋಟರ್ ಶುರು ಮಾಡಿ, ಜೋಳ ಸುರಿದು, ಪಟ್ಟಾದ ಪಕ್ಕದಲ್ಲಿ ಬಗ್ಗಿ ಹಿಟ್ಟು ಮುಟ್ಟಿ ನೋಡುತ್ತಿದ್ದೆ.

ಆಗಲೇ ಬಾಗಿಲಲ್ಲಿ ಮಾವನವರೂ ಬೀಗರೂ ಒಟ್ಟಿಗೆ ಕಾಣಿಸಿಕೊಂಡರು. ನಾನು ಗಡಬಡಿಸಿ ಎದ್ದೆ. ಒಬ್ಬರಲ್ಲ, ಇಬ್ಬರು ಹಿರಿಯರು! ಸೊಂಟದ ಸೆರಗನ್ನು ಸರಕ್ಕನೆ ಕಿತ್ತು ತಲೆಯ ಮೇಲೆ ಎಳೆದುಕೊಂಡೆ. ಹೊಸ ರೇಷ್ಮೆ ನುಣುಪಾಗಿತ್ತು, ತಲೆಯಿಂದ ಜಾರಿ ಹಿಂದಕ್ಕೆ ಹಾರಿತು. ಗೊಂಡೆ ಪಟ್ಟಾಕ್ಕೆ ಸಿಕ್ಕಿತು.

ಮುಂದಿನದು ಕಣ್ಣುಮುಚ್ಚಿ ತೆರೆಯುವುದರೊಳಗೆ ಆಗಿಹೋಯಿತು. ಸೆರಗು ಗಾಲಿಗೆ ಸುತ್ತಿಕೊಳ್ಳುತ್ತ ನನ್ನನ್ನು ಹಿಂದಕ್ಕೆ ಎಳೆಯಿತು. ಸೀರೆ ಕೊರಳಿಗೆ ಬಿಗಿಯಿತು. ಹಳೆಯ ಸೀರೆಯಾಗಿದ್ದರೆ ಪರ್ರನೆ ಹರಿಯುತ್ತಿತ್ತೇನೋ, ಇದು ಅವ್ವ ಆರಿಸಿ ತಂದ ಗಟ್ಟಿ ನೇಯ್ಗೆ. ನಾನು ಮಾಡಿದ್ದೇನು ಗೊತ್ತೇ? ಎರಡೂ ಕೈಯಿಂದ ಸೊಂಟದ ನಿರಿಗೆಯನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಮಾವನ ಮುಂದೆ ಸೀರೆ ಬಿಚ್ಚಿಹೋದೀತು ಎಂಬುದೊಂದೇ ತಲೆಯಲ್ಲಿ ಇದ್ದದ್ದು.

“ಸೀರಿ ಬಿಡಬೇ, ಸೀರಿ ಬಿಡ!” ಎಂದು ಹನಮವ್ವ ಕಿರುಚಿದಳು. ನಾನು ಬಿಡಲಿಲ್ಲ.

ಬೀಗರು ಬಾಗಿಲಲ್ಲೇ ಕಲ್ಲಾಗಿ ನಿಂತರು. ಮಾವನವರು ನೇರವಾಗಿ ನನ್ನ ಹತ್ತಿರ ನುಗ್ಗಿದರು. “ಬಿಡಬೇ ತಂಗಿ, ಕೈ ಬಿಡ!” ಅಂದರು. ಎರಡು ವರ್ಷದಲ್ಲಿ ಅವರು ನನಗೇ ಎಂದು ಆಡಿದ ಮೊದಲ ಮಾತದು. ಆಗಲೂ ನಾನು ಬಿಡಲಿಲ್ಲ. ಅವರು ನನ್ನ ಮಣಿಕಟ್ಟು ಹಿಡಿದು ತಿರುವಿ, ನಿರಿಗೆಗೆ ಕೈಹಾಕಿ ಒಂದೇ ಏಟಿಗೆ ಕಿತ್ತರು. ನಾನು ಗರಗರನೆ ತಿರುಗಿ ಹನಮವ್ವನ ಮೇಲೆ ಹೋಗಿ ಬಿದ್ದೆ. ಇಡೀ ಸೀರೆ ಪಟ್ಟಾದೊಳಗೆ ಹೋಯಿತು. ರಬ್ಬರು ಸುಟ್ಟ ವಾಸನೆ ಬಂತು. ಆಮೇಲಷ್ಟೇ ಮಾವನವರು ಓಡಿಹೋಗಿ ಸ್ವಿಚ್ ಆರಿಸಿ, ಗೋಡೆಗೆ ಮುಖ ಮಾಡಿ ನಿಂತರು. ಹನಮವ್ವ ಗೋಣಿಚೀಲ ಸುತ್ತಿ ನನ್ನನ್ನು ಒಳಗೆ ಕರೆದುಕೊಂಡು ಹೋದಳು.

ಕೊರಳು, ಭುಜದ ಚರ್ಮ ಸುಲಿದಿತ್ತು. ಅತ್ತೆ ಅಳುತ್ತಲೇ ಅರಿಸಿನ ಹಚ್ಚಿದರು. ಬೀಗರು ಒಂದು ತುತ್ತೂ ಉಣ್ಣದೆ ಬಸ್ಸು ಹತ್ತಿದರಂತೆ. ಅವರು ಹೋದ ಮೇಲೆ ಅತ್ತೆ ಮಾವನವರನ್ನು ಕೇಳಿದ್ದು ಒಳಗಿದ್ದ ನನಗೆ ಕೇಳಿಸಿತು.

“ಬೀಗರ ಮುಂದ ಸೊಸಿ ಸೀರಿಗೆ ಕೈ ಹಾಕಿದ್ರಿ. ಮದಲ ಸ್ವಿಚ್ ಆರಿಸಿದ್ರ ಆಗ್ತಿರಲಿಲ್ಲೇನ್ರಿ?”

“ಸ್ವಿಚ್ ಆರಿಸಿದ್ರ ಕಲ್ಲ ಒಮ್ಮಿಗೇ ನಿಂದರ್ತೈತೇನ? ಅದು ನಿಲ್ಲೂತನಕ ಆಕಿ ಕೊಳ್ಳ ಉಳೀತಿರಲಿಲ್ಲ.”

“ನಾಕ ಮಂದಿ ಏನ ಅಂದಾರು?”

“ಅನ್ಲಿ ಬಿಡ. ಅನ್ನಿಸ್ಕೊಳ್ಳಾಕ ಸೊಸಿ ಜೀವಂತ ಅದಾಳಲ್ಲ, ಅಷ್ಟ ಸಾಕು.”

ಆ ಮಾತಿಗೆ ನಾನು ಬಿಕ್ಕಿ ಬಿಕ್ಕಿ ಅತ್ತುಬಿಟ್ಟೆ. ಅಲ್ಲಿಯವರೆಗೂ ಅಳು ಬಂದಿರಲಿಲ್ಲ.

ಮರುದಿನ ಮಾವನವರು ಕಮ್ಮಾರನನ್ನು ಕರೆಸಿ ಜಾಳಿಗೆಗೆ ಕೀಲು ಹಾಕಿಸಿದರು. ಈಗ ಅದನ್ನು ಬಾಗಿಲಿನಂತೆ ತೆಗೆದು ಮುಚ್ಚಬಹುದಾಗಿತ್ತು. ಇಷ್ಟು ಸಣ್ಣ ಕೆಲಸ ನಮಗೆ ಯಾರಿಗೂ ಮೊದಲೇ ಹೊಳೆದಿರಲಿಲ್ಲ. ಆಮೇಲೆ ಅವರು ಗಿರಣಿಯ ಹೊಸ್ತಿಲ ಹೊರಗೆ ನಿಂತು, ಅತ್ತೆಯ ಕಡೆ ನೋಡದೆ ನನಗೇ ಹೇಳಿದರು: “ಇನ್ನ ಗಿರಣ್ಯಾಗ ಯಾರ ಬಂದ್ರೂ ಸೆರಗ ಹೊಚ್ಚಬ್ಯಾಡ. ಗಿರಣ್ಯಾಗ ನಾ ಮಾವ ಅಲ್ಲ.”

ಜೋಳ ತರುವ ಎಲ್ಲ ಹೆಂಗಸರಿಗೂ ಅದೇ ಕಟ್ಟಳೆಯಾಯಿತು. ಗಂಡಸರು ಹೊರಗಿನ ಕಟ್ಟೆಯಲ್ಲೇ ಕಾಯಬೇಕು, ಒಳಗಿದ್ದವರು ಸೆರಗು ಕಟ್ಟಿಯೇ ಇರಬೇಕು. ಓಣಿಯಲ್ಲಿ ಮಾತಾಡಿಕೊಂಡರು. ಆ ಗಿರಣಿಯಲ್ಲಿ ಹಿರಿಯರು ಕಿರಿಯರು ಎನ್ನುವುದಿಲ್ಲ ಎಂದು ಕೆಲವರು ಬೇರೆ ಗಿರಣಿಗೂ ಹೋದರು. ಮಾವನವರು ಜಗ್ಗಲಿಲ್ಲ.

ನನಗೇ ಕಷ್ಟವಾದದ್ದು. ಅವರ ಕೆಮ್ಮು ಕೇಳಿದರೆ ಸಾಕು, ನನ್ನ ಕೈ ತಾನಾಗಿಯೇ ತಲೆಯ ಕಡೆ ಹೋಗುತ್ತಿತ್ತು. “ಕೈ!” ಎಂದು ಅವರು ಗದರುತ್ತಿದ್ದರು. ಎಷ್ಟೋ ದಿನ ಹಾಗೆ ಗದರಿಸಿಕೊಂಡ ಮೇಲೆ ಆ ರೂಢಿ ಬಿಟ್ಟಿತು. ಗದರುತ್ತ ಗದರುತ್ತಲೇ ಅವರು ಗಿರಣಿಯಲ್ಲಿ ನನ್ನೊಡನೆ ಮಾತನಾಡಲು ಕಲಿತರು. ಮಳೆ ಬೆಳೆ, ತವರಿನ ಸುದ್ದಿ, ನನ್ನ ಗಂಡನ ಹಟಮಾರಿತನ, ಎಲ್ಲ. ಅವರು ತೀರಿಕೊಂಡು ಬಹಳ ವರ್ಷವಾಯಿತು.

ಈಗ ನನಗೆ ವಯಸ್ಸಾಗಿದೆ. ಆ ಪಟ್ಟಾ ಆಗಾಗ ಕನಸಿನಲ್ಲಿ ಬರುತ್ತದೆ, ಆದರೆ ನನಗೆ ಅದರ ಹೆದರಿಕೆಯಿಲ್ಲ. ಅದು ಯಂತ್ರ, ಸಿಕ್ಕಿದ್ದನ್ನು ಎಳೆಯುತ್ತದೆ, ಜಾಳಿಗೆ ಮುಚ್ಚಿದರೆ ಸುಮ್ಮನಿರುತ್ತದೆ. ಎಚ್ಚರವಾದ ಮೇಲೆ ನಾನು ದೀಪ ಹಚ್ಚಿ ನೋಡಿಕೊಳ್ಳುವುದು ನನ್ನ ಕೈಗಳನ್ನು. ಜೀವ ಹೋಗುವ ಹೊತ್ತಿನಲ್ಲೂ ಸೀರೆ ಬಿಡದ ಕೈಗಳು ಇವು.