ದಿಂಬಿನಡಿಯ ಚೂರಿ

ಇದರ ಬೆಲೆ ತೆತ್ತವರು ನನ್ನ ಮಗಳು ಮತ್ತು ನಾನು. ಹೆರಿಗೆ ಮಾಡಿಸಿದ ಆಸ್ಪತ್ರೆಯಲ್ಲ, ಮಾದಾಪುರದಲ್ಲಿ ನನ್ನ ಗಂಡ ದುಡಿಯುವ ಕಂಪನಿಯಲ್ಲ, ನಮ್ಮ ಮನೆತನದ ಪದ್ಧತಿಯಂತೂ ಅಲ್ಲವೇ ಅಲ್ಲ. ಹಾಲು ಕುಡಿಯುವ ಕೂಸೊಂದು ಹಲವು ದಿನ ತಾಯಿಯ ಮಗ್ಗುಲಿಲ್ಲದೆ ಮಲಗಿತು.

ಬಾಣಂತನಕ್ಕೆ ಮೆಹದಿಪಟ್ಟಣಂನ ತವರುಮನೆಗೆ ಬಂದಿದ್ದೆ. ನಮ್ಮದು ಕಲಬುರಗಿ ಕಡೆಯಿಂದ ಸರಕಾರಿ ನೌಕರಿಗಾಗಿ ಹೈದರಾಬಾದಿಗೆ ಬಂದು ನೆಲೆಸಿದ ಕುಟುಂಬ. ಹೊರಗೆ ತೆಲುಗು, ಹಿಂದಿ. ಒಳಗೆ ಊರಿನ ಪದ್ಧತಿಗಳು ಒಂದೂ ಸಡಿಲವಾಗಿರಲಿಲ್ಲ. ಮೂರನೇ ಮಹಡಿಯ ಫ್ಲ್ಯಾಟಿನಲ್ಲೂ ಬಾಣಂತಿಯ ಕೋಣೆಯ ಕಿಟಕಿಗೆ ದಪ್ಪ ಪರದೆ, ಕಿವಿಗೆ ಹತ್ತಿ, ಮೂಲೆಯಲ್ಲಿ ಅಜವಾನದ ಹೊಗೆ. ಕೂಸಿನ ದಿಂಬಿನಡಿ ಒಂದು ಹಳೆಯ ಚೂರಿ. ಕಬ್ಬಿಣವಿದ್ದಲ್ಲಿ ಕೆಟ್ಟ ಗಾಳಿ ಸುಳಿಯದು ಎಂಬ ನಂಬಿಕೆ.

ಒಂದು ಮಧ್ಯಾಹ್ನ ಕೂಸಿನ ಬಟ್ಟೆ ಬದಲಿಸುವಾಗ ಚೂರಿಯ ಹಿಡಿ ನನ್ನ ಬೆರಳಿಗೆ ತಾಗಿತು. ಆ ಗಳಿಗೆಯಲ್ಲೇ, ಕರೆಯದೆ, ಒಂದು ಯೋಚನೆ ಬಂತು: ನಾನೇ ಕೂಸಿಗೆ ಏನಾದರೂ ಮಾಡಿಬಿಟ್ಟರೆ? ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಗೋಡೆಗೆ ಒರಗಿ ನಿಂತೆ. ಮಗಳು ಬರಿಮೈಯಲ್ಲಿ ಕಾಲು ಬಡಿಯುತ್ತಿದ್ದಳು.

ಚೂರಿಯನ್ನು ಕಪಾಟಿನ ಮೇಲಿಟ್ಟೆ. ಸಂಜೆಯ ಹೊತ್ತಿಗೆ ಅದು ಮತ್ತೆ ದಿಂಬಿನಡಿ ಇತ್ತು.

"ನೀನs ತಗದೀಯೇನ?" ಅವ್ವ ಕೇಳಿದಳು.

"ಬ್ಯಾಡವ್ವಾ ಅದು."

"ನಿಮ್ಮ ಸಾಲ್ಯಾಗ ಗಾಳಿ-ಗೀಳಿ ಎಲ್ಲಾ ಸುಳ್ಳು ಅಂತ ಕಲಿಸ್ಯಾರ, ಖರೆ. ಆದ್ರ ಗಾಳಿ ಆ ಸಾಲಿಗೆ ಹೋಗಿಲ್ಲಲ್ಲವಾ!"

ನಾನೂ ನಕ್ಕೆ. ಎಲ್ಲವನ್ನೂ ಪ್ರಶ್ನಿಸು ಎಂದು ಹೇಳಿಕೊಟ್ಟ ಶಾಲೆಯಲ್ಲಿ ಓದಿದವಳು ನಾನು. ನನ್ನ ತಲೆಯೊಳಗಿನದನ್ನು ಯಾರಿಗೆ, ಯಾವ ಮಾತಿನಲ್ಲಿ ಹೇಳಬೇಕೆಂದು ಅಲ್ಲಿಯೂ ಯಾರೂ ಕಲಿಸಿರಲಿಲ್ಲ. ಅಂದಿನಿಂದ ಕೂಸನ್ನು ಎತ್ತಿಕೊಳ್ಳುವ ಮೊದಲು ಪ್ರತಿ ಸಲವೂ ನನ್ನ ಕೈಗಳನ್ನೇ ನೋಡಿಕೊಳ್ಳತೊಡಗಿದೆ.

ಚುಚ್ಚುಮದ್ದಿಗೆ ಆಸ್ಪತ್ರೆಗೆ ಹೋದೆವು. ಮಗಳ ತೂಕ ನೋಡಿದರು, ನನ್ನ ಹೊಲಿಗೆ ನೋಡಿದರು. "ಪಾಪ ಪಾಲು ತಾಗುತೋಂದಾ?" ಎಂದು ನರ್ಸ್ ತೆಲುಗಿನಲ್ಲಿ ಕೇಳಿದಾಗ, ಕೂಸು ಚೆನ್ನಾಗಿ ಹಾಲು ಕುಡಿಯುತ್ತಿದೆ ಎಂದು ಅವ್ವನೇ ಉತ್ತರಿಸಿದಳು. ಡಾಕ್ಟರು ಬರೆಯುತ್ತಲೇ, ಬೇರೆ ಏನಾದರೂ ತೊಂದರೆಯೇ ಎಂದರು. ಬಾಗಿಲು ತೆರೆದಿತ್ತು; ಮುಂದಿನ ಸರದಿಯವಳು ಆಗಲೇ ಒಳಗೆ ಬಂದು ನಿಂತಿದ್ದಳು. ಪಕ್ಕದಲ್ಲಿ ಅವ್ವ. ಏನೂ ಇಲ್ಲ ಎಂದೆ. ಅದು ಕೇಳುವ ರೀತಿಯಲ್ಲ; ಕೇಳಿದೆವೆಂದು ಹೇಳಿಕೊಳ್ಳುವ ರೀತಿ.

ಮರುದಿನ ಕೂಸಿಗೆ ಎಣ್ಣೆ ಹಚ್ಚುತ್ತಿದ್ದ ಅವ್ವನಿಗೆ ಎಲ್ಲವನ್ನೂ ಹೇಳಿಬಿಟ್ಟೆ. "ನನಗ ನನ್ನ ಕೈದೇ ಹೆದರಿಕಿ ಆಗಾಕತ್ತೈತವ್ವಾ."

ಅವಳ ಕೈ ನಿಂತಿತು. "ಇಂಥಾ ಮಾತು ಬಾಯಾಗ ತರಬ್ಯಾಡ" ಎಂದಳು. ಅವ್ವ ಚೂರಿಯನ್ನು ತೆಗೆಯಲಿಲ್ಲ. ಕೂಸನ್ನು ಎತ್ತಿಕೊಂಡು ಹೋದಳು. ಆಮೇಲೆ ಹಾಲೂಡಿಸಲು ಮಾತ್ರ ತರುತ್ತಿದ್ದಳು. ಊಡಿಸುವಷ್ಟು ಹೊತ್ತು ಎದುರಿಗೇ ಕೂರುತ್ತಿದ್ದಳು. ಪಕ್ಕದ ಕೋಣೆಯಲ್ಲಿ ಮಗಳು ಅತ್ತಾಗ ನನ್ನ ರವಿಕೆ ಹಾಲಿನಿಂದ ಒದ್ದೆಯಾಗುತ್ತಿತ್ತು. ಎದ್ದು ಹೋಗಲು ನನಗೇ ಭಯ. ಅವ್ವನ ಅನುಮಾನವೇ ನಿಜವಿರಬಹುದೆ?

ಭಾನುವಾರ ಉಪ್ಪಲ್‌ನ ನಮ್ಮ ಮನೆಯಿಂದ ಗಂಡ ಬಂದ. ಇನ್ನಷ್ಟು ದಿನ ರಜೆ ಕೇಳಿದ್ದಕ್ಕೆ ಅವನ ಮ್ಯಾನೇಜರು "ದೂಧ್ ತೂ ಪಿಲಾಯೇಗಾ ಕ್ಯಾ?" ಎಂದು ನಕ್ಕಿದ್ದನಂತೆ, ಹಾಲು ಕುಡಿಸುವವನು ನೀನೇನು ಎಂದು. ಅದನ್ನು ಹೇಳುವಾಗ ಅವನೂ ನಗಲು ನೋಡಿದ. ಕಣ್ಣ ಕೆಳಗೆ ಕಪ್ಪಾಗಿತ್ತು. ಅವನನ್ನೂ ಯಾರೂ ಏನೂ ಕೇಳಿರಲಿಲ್ಲ.

"ಇಕಿಗೆ ಗಾಳಿ ಸೋಕೈತ್ರಿ. ತಾಯತ ಕಟ್ಟಸ್ಬೇಕು" ಎಂದು ಅವ್ವ ಅಳಿಯನಿಗೆ ಎಲ್ಲವನ್ನೂ ವಿವರಿಸಿದಳು.

"ಕಟ್ಟಸೋಣ್ರಿ ಅತ್ತೀ, ಬ್ಯಾಡ ಅನ್ನಂಗಿಲ್ಲ. ಮೊದಲ ಡಾಕ್ಟರ್ ಕಡೆ ಹೋಗೋಣು."

ಮನೋವೈದ್ಯೆ ಅದೇ ಆಸ್ಪತ್ರೆಯಲ್ಲಿದ್ದರು, ಚುಚ್ಚುಮದ್ದಿನ ಕೋಣೆಗಿಂತ ಒಂದು ಮಹಡಿ ಮೇಲೆ. ನಮ್ಮನ್ನು ಅಲ್ಲಿಗೆ ಕಳಿಸಬೇಕೆಂದು ಕೆಳಗಿನ ಯಾರಿಗೂ ತೋಚಿರಲಿಲ್ಲ. ಅವರು ಅವ್ವನನ್ನೂ ಗಂಡನನ್ನೂ ಹೊರಗೆ ಕೂರಿಸಿ ಬಾಗಿಲು ಮುಚ್ಚಿದರು. ಆ ಯೋಚನೆ ಬಂದಾಗ ನಾನು ಏನು ಮಾಡುತ್ತೇನೆಂದು ಕೇಳಿದರು. ಕೈ ಹಿಂದೆ ಕಟ್ಟಿಕೊಳ್ಳುತ್ತೇನೆ ಎಂದೆ. ಇನ್ನೂ ಬಹಳ ಹೊತ್ತು ವಿಚಾರಿಸಿದ ಮೇಲೆ ಹೇಳಿದರು: ಇಂಥ ಯೋಚನೆಗಳು ಅನೇಕ ತಾಯಂದಿರಿಗೆ ಬರುತ್ತವೆ, ನಿಮ್ಮದು ಭಯವೇ ಹೊರತು ಇಚ್ಛೆಯಲ್ಲ, ಇದಕ್ಕೆ ಚಿಕಿತ್ಸೆಯಿದೆ, ಕೂಸು ನಿಮ್ಮ ಬಳಿಯೇ ಇರಲಿ. ಅದನ್ನೇ ಅವ್ವನಿಗೂ ಒಳಗೆ ಕರೆದು ಹೇಳಿದರು.

ಕೂಸು ನನ್ನ ಮಗ್ಗುಲಿಗೆ ಬಂತು. ಚೂರಿ ಅಡುಗೆಮನೆಗೆ ಹೋಯಿತು. ದಿಂಬಿನಡಿ ಅವ್ವ ಒಂದು ಹಳೆಯ ಕೀಲಿಕೈ ಇಟ್ಟಳು. "ಇದೂ ಕಬ್ಬಿಣನs" ಎಂದಳು. ಆದರೆ ನಾನು ಕೂಸಿನ ಬಟ್ಟೆ ಬದಲಿಸುವಾಗಲೆಲ್ಲ ಬಾಗಿಲಲ್ಲಿ ನಿಂತು ನನ್ನ ಕೈ ನೋಡುವುದನ್ನು ಬಹಳ ಕಾಲ ಬಿಡಲಿಲ್ಲ. ನಾನೂ ಬಿಡಲಿಲ್ಲ.

ಆಸ್ಪತ್ರೆ ನಡೆಸುವವರಿಗೆ, ಅವರಿಗೆ ಪರವಾನಗಿ ಕೊಡುವ ರಾಜ್ಯದ ಆರೋಗ್ಯ ಇಲಾಖೆಗೆ ನನ್ನ ಆಗ್ರಹ ಇದು. ಚುಚ್ಚುಮದ್ದಿನ ಕೋಣೆಯ ಪಕ್ಕದಲ್ಲೇ ಬಾಗಿಲು ಮುಚ್ಚುವ ಒಂದು ಕೋಣೆ ಕೊಡಿ. ಕೂಸನ್ನು ತಂದ ಪ್ರತಿ ತಾಯಿಯನ್ನೂ, ಬಂದಿದ್ದರೆ ತಂದೆಯನ್ನೂ, ಪ್ರತಿ ಭೇಟಿಯಲ್ಲಿ ಅಲ್ಲಿ ಒಬ್ಬೊಬ್ಬರನ್ನಾಗಿ ಕೂರಿಸಿ. ತರಬೇತಿ ಪಡೆದವರೊಬ್ಬರು, ಬಂದವರ ಮನೆಮಾತಿನಲ್ಲಿ, ನಿಮ್ಮನ್ನು ಹೆದರಿಸುತ್ತಿರುವುದೇನು ಎಂದು ಕೇಳಲಿ. ಉತ್ತರ ಬರುವವರೆಗೆ ಮುಂದಿನ ಸರದಿಯವರನ್ನು ಕರೆಯಬೇಡಿ.