ವರ್ನಾಳ ಹತ್ತು ಗಜದ ತೊಟ್ಟಿ

ಈರಿ ಸರೋವರದ ದಡದ ನಮ್ಮ ಲೊರೇನ್ ಊರಿನಲ್ಲಿ ಮನೆಯ ಹಳೆಯ ಮಾಡು ಕಿತ್ತು ಹೊಸದು ಹಾಕಿಸಬೇಕೆಂದವರು ಮೊದಲು ಫೋನು ಮಾಡುವುದು ವರ್ನಾ ಹುಡಾಕ್‌ಗೆ. ಕಿತ್ತ ಡಾಂಬರು ಹೆಂಚನ್ನು ತುಂಬಿ ಸಾಗಿಸಲು ದೊಡ್ಡ ಕಬ್ಬಿಣದ ತೊಟ್ಟಿಗಳನ್ನು ಬಾಡಿಗೆಗೆ ಕೊಡುವ ಕಂಪನಿಯಲ್ಲಿ ಅವಳು ಮೂವತ್ತೊಂದು ವರ್ಷದಿಂದ ಫೋನಿನ ಮುಂದೆ ಕೂತಿದ್ದಾಳೆ. ಕಂಪನಿ ಎಂದರೆ ಎರಡು ಲಾರಿ, ನಲವತ್ತು ತೊಟ್ಟಿ ಮತ್ತು ಡೊಮಿನಿಕ್ ಎಂಬ ಮಾಲೀಕ. ಡೊಮಿನಿಕ್ ಲಾರಿ ಓಡಿಸುತ್ತಾನೆ. ಕಂಪನಿಯನ್ನು ಓಡಿಸುವವಳು ತಾನು ಎಂಬುದರಲ್ಲಿ ವರ್ನಾಗೆ ಎಂದೂ ಅನುಮಾನ ಬಂದದ್ದಿಲ್ಲ.

ತೊಟ್ಟಿಯ ಅಳತೆ ಹೇಳುವುದು ಘನ ಗಜದಲ್ಲಿ. ಕರೆ ಮಾಡಿದ ಗಂಡಸರೆಲ್ಲ ಗಂಟಲು ಸರಿಮಾಡಿಕೊಂಡು ದೊಡ್ಡದನ್ನೇ ಕೇಳುತ್ತಾರೆ.

"ಮೂವತ್ತು ಗಜದ್ದು ಕಳ್ಸಿ."

"ಯಾಕೆ, ಮನೇನೂ ಅದರೊಳಗೇ ಹಾಕ್ತೀರಾ?"

ಡಾಂಬರು ಹೆಂಚು ನೋಡಲು ಹಪ್ಪಳ, ತೂಕದಲ್ಲಿ ಬಂಡೆ. ಮೂವತ್ತು ಗಜದ ತೊಟ್ಟಿಗೆ ಅದನ್ನು ತುಂಬಿದರೆ ಅರ್ಧ ತುಂಬುವ ಹೊತ್ತಿಗೇ ಲಾರಿ ಎತ್ತಲಾರೆನೆಂದು ಕೂತುಬಿಡುತ್ತದೆ. ಸಣ್ಣ ಮನೆಗೆ ಹತ್ತು ಗಜದ ಗಿಡ್ಡ ತೊಟ್ಟಿಯೇ ಸರಿ. ಆದರೆ ಮಾಡಿನ ಮೇಲೆ ಹೆಂಚು ಎಷ್ಟು ಪದರ ಇದೆ ಎಂಬುದು ಖಚಿತವಾಗಿ ಗೊತ್ತಿರಬೇಕು. ಹಳೆಯದನ್ನು ಕೀಳುವ ಕಷ್ಟ ಯಾರಿಗೆ ಬೇಕೆಂದು ಅದರ ಮೇಲೇ ಹೊಸದನ್ನು ಹೊಡೆದು ಕೈ ತೊಳೆದುಕೊಂಡವರು ಊರ ತುಂಬ ಇದ್ದಾರೆ. ಆದ್ದರಿಂದ ವರ್ನಾಳ ಪ್ರಶ್ನೆ ಒಂದೇ: "ಎಷ್ಟು ಪದರ?" ಉತ್ತರ ಏನೇ ಬರಲಿ, "ಏಣಿ ಹಾಕಿ, ಸೂರಿನ ಅಂಚು ಎತ್ತಿ ಎಣಿಸಿ. ಲೈನಲ್ಲೇ ಇರ್ತೀನಿ" ಎನ್ನುತ್ತಾಳೆ. ಪಾದ್ರಿಯೊಬ್ಬರನ್ನೂ ಹೀಗೆ ಏಣಿ ಹತ್ತಿಸಿದ್ದಾಳೆ. ಮೂವತ್ತೊಂದು ವರ್ಷದಲ್ಲಿ ಅವಳು ಹೇಳಿದ ಅಳತೆ ಒಮ್ಮೆಯೂ ತಪ್ಪಿರಲಿಲ್ಲ. ಇದನ್ನು ನಾನು ಬಲ್ಲೆ, ಏಕೆಂದರೆ ಬೀದಿಯ ಈ ಬದಿ ನಾನು, ಆ ಬದಿ ಅವಳು. ಅವಳು ಅದನ್ನು ನನಗೆ ವಾರಕ್ಕೆರಡು ಸಲ ಹೇಳುತ್ತಿದ್ದಳು.

ಇಷ್ಟು ಜನರ ಮಾತು ಕೇಳಿ ಕೇಳಿ ಅವಳು ಯಾರನ್ನೂ ನಂಬದವಳಾಗಿದ್ದಳು, ಗಂಡ ಎಮಿಲ್ ಒಬ್ಬನನ್ನು ಬಿಟ್ಟು. ಉಕ್ಕಿನ ಕಾರ್ಖಾನೆಯಲ್ಲಿ ಮೂವತ್ತೆಂಟು ವರ್ಷ ದುಡಿದ ಎಮಿಲ್ ಹೆಚ್ಚು ಮಾತಾಡಿದವನಲ್ಲ. ಆಡಿದ್ದು ಸುಳ್ಳಾಗಿದ್ದನ್ನು ಯಾರೂ ಕಂಡಿರಲಿಲ್ಲ. ಅವನು ತೀರಿಹೋಗಿ ಆರು ವರ್ಷವಾಯಿತು. ಆಮೇಲೂ ವರ್ನಾ ವಾದ ಮುಗಿಸುತ್ತಿದ್ದುದು "ಎಮಿಲ್ ಹೇಳಿದ್ದ" ಎಂದೇ.

ಇಪ್ಪತ್ತಾರು ವರ್ಷದ ಹಿಂದೆ ಅವರ ಮಾಡಿಗೆ ಹಸಿರು ಹೆಂಚಿತ್ತು. ವರ್ನಾಗೆ ಆ ಬಣ್ಣ ಕಂಡರಾಗದು. "ಪಾಚಿ ಕಟ್ಟಿದ ಕೊಳದ ಕೆಳಗೆ ಮಲಗಿದ ಹಾಗಾಗತ್ತೆ" ಎನ್ನುತ್ತಿದ್ದಳು. ಆ ಸೆಪ್ಟೆಂಬರಿನಲ್ಲಿ ಅವಳು ಅಕ್ಕನ ಆಪರೇಷನ್ನಿಗೆಂದು ಪಿಟ್ಸ್‌ಬರ್ಗಿಗೆ ಹೋಗಿ ಎರಡು ವಾರ ಇದ್ದಳು. ಎಮಿಲ್ ಎರಡು ವಾರ ರಜೆ ಹಾಕಿ, ಹಸಿರು ಕಿತ್ತು ಕಾರ್ಖಾನೆಯ ಲಾರಿಯಲ್ಲಿ ಸಾಗಿಸಿ, ಬೂದು ಬಣ್ಣದ್ದು ಹಾಕಿದ. ಹಾಗೆಂದು ಹೇಳಿದ.

ಈ ಬೇಸಿಗೆಯಲ್ಲಿ ಬೂದು ಹೆಂಚೂ ಸವೆದು ಸೋರತೊಡಗಿದಾಗ ವರ್ನಾ ಒಂದು ವಾರ ರಜೆ ಹಾಕಿ ರೆಂಟಾಸ್ ಎಂಬ ಮಾಡಿನ ಕೆಲಸದವನನ್ನು ಕರೆಸಿದಳು. ಅವನು ಗಾಡಿಯಿಂದ ಏಣಿ ಇಳಿಸುತ್ತ ಕೇಳಿದ.

"ಅಂಚು ಎತ್ತಿ ನೋಡ್ಬಿಡ್ಲಾ ಮೇಡಂ?"

"ಬೇಕಾಗಿಲ್ಲ. ಒಂದೇ ಪದರ."

"ಅಲ್ಲ, ನೀವೇ ಊರಿಗೆಲ್ಲ ಹೇಳ್ತೀರಲ್ಲ..."

"ಊರವರ ಮಾಡನ್ನ ಎಮಿಲ್ ಹಾಕಿಲ್ಲ."

ಹತ್ತು ಗಜದ ತೊಟ್ಟಿ ಬಂತು. ಮನೆ ಮುಂದಿನ ಕಾಂಕ್ರೀಟು ಬಿರುಕು ಬಿಡದಂತೆ ಅಡಿಗೆ ಹಲಗೆ ಇಡಿಸಿ ವರ್ನಾ ರಾಣಿಯಂತೆ ಕುರ್ಚಿ ಹಾಕಿಕೊಂಡು ಕೂತಳು. ನಾನು ಕಾಫಿ ಹಿಡಿದು ಪಕ್ಕಕ್ಕೆ ಹೋದೆ. ರೆಂಟಾಸ್ ಮೊದಲ ಸಾಲಿನಡಿ ಸಲಿಕೆ ತೂರಿಸಿ ಎಬ್ಬಿಸಿದ. ನಿಂತ. ಮತ್ತೆ ಎಬ್ಬಿಸಿದ.

"ಮೇಡಂ, ಕೆಳಗಡೆ ಹಸಿರು ಕಾಣ್ತಿದೆ."

ವರ್ನಾ ಎದ್ದು ನಿಂತಳು. ಅರವತ್ತೆಂಟರ ಹೆಂಗಸು, ಯಾರು ಬೇಡವೆಂದರೂ ಕೇಳದೆ, ಮೂವತ್ತೊಂದು ವರ್ಷ ಊರನ್ನೆಲ್ಲ ಹತ್ತಿಸಿದ ಏಣಿಯನ್ನು ತಾನೇ ಹತ್ತಿದಳು. ಅಂಚು ಎತ್ತಿ ನೋಡಿದಳು. ಇಳಿದು ಬಂದು ಕುರ್ಚಿಯಲ್ಲಿ ಕೂತಳು.

"ಇಪ್ಪತ್ತಾರು ವರ್ಷ ಅದರ ಕೆಳಗೇ ಮಲಗಿದ್ದೀನಿ" ಎಂದಳು. ಆಮೇಲೆ, ತುಂಬ ಮೆಲ್ಲಗೆ, "ಇನ್ನೇನೇನು ಹೇಳಿದ್ದನೋ."

ಅರ್ಧ ಮಾಡು ಕೀಳುವಷ್ಟರಲ್ಲಿ ತೊಟ್ಟಿ ತೂಕದ ಮಿತಿ ಮುಟ್ಟಿತು. ನಾನು ಅಲ್ಲಿಯವರೆಗೂ ಕಾಫಿ ಲೋಟವನ್ನೇ ನೋಡುತ್ತಿದ್ದೆ. ಗೌರವಸ್ಥ ನೆರೆಯವನೆಂದು ಈ ಬೀದಿಯಲ್ಲಿ ನನಗಿದ್ದ ಹೆಸರನ್ನು ಅಂದಿಗೆ ಬಿಟ್ಟುಕೊಟ್ಟು ನಿಜ ಹೇಳಿದೆ.

"ವರ್ನಾ, ಹೊಸ ಹೆಂಚು ಹೊಡೆಯೋದು ನಾಲ್ಕೇ ದಿನದಲ್ಲಿ ಮುಗೀತು. ಮಿಕ್ಕ ಹತ್ತು ದಿನ ಎಮಿಲ್ ಮೀನು ಹಿಡೀತಿದ್ದ. ಈರಿ ಸರೋವರದಲ್ಲಿ ಪರ್ಚ್ ಮೀನು ಆ ತಿಂಗಳು ಮುತ್ತಿಕೊಂಡು ಬಂದಿತ್ತು. ದೋಣಿ ನಂದು."

"ಫ್ರಿಜ್ ತುಂಬ ಮೀನಿತ್ತು. ತಮ್ಮ ಕೊಟ್ಟ ಅಂದಿದ್ದ."

"ಅದೂ ನಾವು ಹಿಡಿದದ್ದೇ."

"ಇಷ್ಟು ವರ್ಷ ನನ್ನ ಅಡುಗೆಮನೇಲಿ ಕೂತು ತಿಂದಿದ್ದೀಯಲ್ಲೋ ಡೆಲ್, ಬಾಯಿಬಿಟ್ಟೆಯಾ?"

"ಅವನು ಆಣೆ ಹಾಕಿಸಿದ್ದ."

"ಹತ್ತು ದಿನ ಏನ್ ಮಾತಾಡ್ತಿದ್ದ?"

"ಏನೂ ಇಲ್ಲ. ಒಂದಿನ ಮಾತ್ರ, ಕಾರ್ಖಾನೆ ಸೇರಿದ ಹದಿನೆಂಟನೇ ವಯಸ್ಸಿಂದ ಸೂರ್ಯ ನೆತ್ತಿಗೆ ಬರೋದನ್ನ ನೋಡಿರ್ಲಿಲ್ಲ ಅಂದ."

"ನಂಗೆ ಹೇಳಿದ್ರೆ?"

"ಹೇಳಿದ್ರೆ ಬಿಡ್ತಿದ್ರಾ?"

"ಹಸಿರನ್ನ ಹಾಗೇ ಇಡೋಕೆ ನಾನು ಬಿಡ್ತಿದ್ನಾ? ಸಾಧ್ಯನೇ ಇಲ್ಲ." ಮಾಡಿನ ಕಡೆ ನೋಡಿ, "ನನ್ನ ಸರಿಯಾಗೇ ಅಳತೆ ಮಾಡಿದ್ದ, ಪಾಪಿ" ಎಂದಳು. ಬೈಗುಳದ ಜೊತೆಗೆ ನಗುವೂ ಬಂದು ಅವಳಿಗೆ ಕೆಮ್ಮು ಹತ್ತಿತು.

ಎರಡನೆಯ ತೊಟ್ಟಿ ಬೇಕಲ್ಲ. ಅವಳೇ ಫೋನು ಮಾಡಿದಳು. ಅವಳ ರಜೆಯಲ್ಲಿ ಫೋನು ಎತ್ತುವ ಪಾಡು ಡೊಮಿನಿಕ್‌ಗೆ ಬಂದಿತ್ತು. ಏನು ಕೇಳಬೇಕೆಂದು ಅವಳೇ ಚೀಟಿ ಬರೆದುಕೊಟ್ಟಿದ್ದಳು. ಅವನು ಗಿಣಿಯಂತೆ ಒಪ್ಪಿಸಿದ.

"ಎಷ್ಟು ಪದರ?"

"ಎರಡು."

"ಮೊನ್ನೆ ಒಂದು ಅಂದಿದ್ರಿ?"

"ಗಂಡ ಹೇಳಿದ್ದ."

ಆ ಕಡೆ ಕಾಗದ ಸರಿದಾಡಿತು. "ವರ್ನಾ, ಇಲ್ಲಿ ನೀವೇ ಬರ್ದಿದ್ದೀರಿ. 'ಗಂಡ ಹೇಳಿದ್ದ ಅಂದ್ರೆ ನಂಬಬೇಡ, ಏಣಿ ಹತ್ತಿಸು.'"

"ಹತ್ತಿ ಇಳಿದಾಯ್ತು. ತೊಟ್ಟಿ ಕಳ್ಸು."

ಮುಂದಿನ ಸೋಮವಾರ ಅವಳು ಮತ್ತೆ ಫೋನಿನ ಮುಂದೆ ಕೂತಳು. ತನ್ನ ಅಳತೆ ಎಂದೂ ತಪ್ಪಿಲ್ಲ ಎಂಬ ಮಾತನ್ನು ನಾನು ಮತ್ತೆ ಕೇಳಿಲ್ಲ. ಏಣಿ ಹತ್ತಿಸುವುದನ್ನೇನೂ ಬಿಟ್ಟಿಲ್ಲ. ಆದರೆ ಯಾವುದಾದರೂ ಹೆಂಗಸು "ಮಾಡು ನಮ್ಮೆಜಮಾನರೇ ಹಾಕಿದ್ದು, ಒಂದೇ ಪದರ" ಎಂದರೆ ವರ್ನಾ ಈಗ ಮೊದಲು ಇನ್ನೊಂದು ಪ್ರಶ್ನೆ ಕೇಳುತ್ತಾಳಂತೆ.

"ಅವರಿಗೆ ಮೀನು ಹಿಡಿಯೋ ಅಭ್ಯಾಸ ಇದ್ಯಾ?"

ಹೌದೆಂದರೆ ಎರಡು ಪದರದ ಲೆಕ್ಕ ಬರೆದುಕೊಳ್ಳುತ್ತಾಳೆ. ಆ ಹೆಂಗಸಿಗೆ ಮಾತ್ರ ಕಾರಣ ಹೇಳುವುದಿಲ್ಲ.